ಜಿಪ್ಪಜ್ಜಿಯ ಪೇಜು

"ಅತ್ತಿಗೆ, ಸಿಕ್ತಾ ಅದು?"

ಬಾಗಿಲು ಮತ್ತೆ ಬಡಿಯಿತು. ಬಚ್ಚಲಿನೊಳಗೆ ಚಿಲಕ ಹಾಕಿಕೊಂಡು ನಿಂತಿದ್ದ ಸೊಸೆ ಫೋನಿನ ಮೇಲಿಂದ ಹೆಬ್ಬೆರಳನ್ನು ಸರಕ್ಕನೆ ಎಳೆದುಕೊಂಡಳು. ಪರದೆಯ ಮೇಲೆ ಪ್ರಶ್ನೆಯೊಂದು ಹಾಗೇ ನಿಂತಿತ್ತು: ಈ ಪೋಸ್ಟನ್ನು ಅಳಿಸಬೇಕೆ? ಅದರ ಕೆಳಗೆ ಎರಡು ಉತ್ತರ, ಹೌದು ಮತ್ತು ಬೇಡ.

"ಹುಡುಕ್ತಾ ಇದೀನಿ ಕಣೇ."

"ಅದ್ರಲ್ಲಿ ಹುಡುಕೋದೇನು? ಬ್ಯಾಗಿನ ಪೋಸ್ಟು. ನಂಗೆ ಬಾಯಿಪಾಠ ಆಗಿದೆ. ನನ್ನ ಫೋನಲ್ಲೂ ಫೋಟೋ ತೆಗೆದಿಟ್ಕೊಂಡಿದೀನಿ, ಕೊಡ್ಲಾ?"

"ಹಾಗಾದ್ರೆ ನೀನೇ ಓದ್ಬಿಡೇ."

"ನಂಗಾಗಲ್ಲ. ಮೊದಲನೇ ಸಾಲಿಗೇ ಅತ್ತುಬಿಡ್ತೀನಿ. ನೀನೇ ಓದ್ಬೇಕು. ಇವತ್ತು ಅಮ್ಮನ ಮಾತು ಎಲ್ರೂ ಕೇಳಬೇಕು."

ಅಮ್ಮನ ಮಾತು. ಸೊಸೆ "ಬೇಡ" ಒತ್ತಿದಳು. ಅಳಿಸಿ ಆಗಬೇಕಾದ್ದೇನು, ನಾದಿನಿಯ ಫೋನಿನಲ್ಲಿ ಇರುವುದನ್ನು ಅಳಿಸಲಾದೀತೆ? ಆ ಪೋಸ್ಟಿನ ಒಂದೊಂದು ಅಕ್ಷರವನ್ನೂ ಬರೆದವಳು ತಾನು. ಈ ಗೋಡೆಯಾಚೆ ಹೂವಿನ ನಡುವೆ ಮಲಗಿರುವ ಅತ್ತೆ ಅದನ್ನು ಬರೆಯುವುದಿರಲಿ, ಓದಿಯೂ ಇರಲಿಲ್ಲ.

ಮುಖಕ್ಕೆ ನೀರು ಚಿಮುಕಿಸಿಕೊಂಡು ಹೊರಬಂದಳು. ನಾದಿನಿ ಅವಳ ಸೆರಗಿನ ತುದಿ ಒದ್ದೆಯಾಗಿದ್ದನ್ನು ನೋಡಿ, ತನ್ನ ಕರವಸ್ತ್ರದಿಂದ ಒತ್ತಿ ಒರೆಸಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅನ್ನಿಸಿತು ಸೊಸೆಗೆ.

ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಮಡಚುವ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಬಸ್ ನಿಲ್ದಾಣದ ಎದುರಿನ ಗೂಡಂಗಡಿಯಲ್ಲಿ ಜೀವಮಾನವೆಲ್ಲ ಹರಿದ ಬ್ಯಾಗಿಗೆ, ಜಾಕೆಟ್ಟಿಗೆ ಜಿಪ್ಪು ಹಾಕಿಕೊಂಡು ಕೂತ ಹೆಂಗಸಿಗಾಗಿ ಇಷ್ಟು ಜನ ಬರುತ್ತಾರೆಂದು ಮನೆಯವರು ಎಣಿಸಿರಲಿಲ್ಲ. ನೆಂಟರು ಮುಂದಿನ ಎರಡು ಸಾಲು ತುಂಬಿದ್ದರೆ ಹೆಚ್ಚು. ಉಳಿದವರೆಲ್ಲ ಪೇಜಿನವರು, "ಜಿಪ್ಪಜ್ಜಿ" ಎಂಬ ಪೇಜನ್ನು ದಿನಾ ಓದುತ್ತಿದ್ದವರು. ಒಬ್ಬನಂತೂ ಅಜ್ಜಿ ಸರಿಮಾಡಿಕೊಟ್ಟ ದಪ್ಪ ಜಾಕೆಟ್ಟಿನ ಜಿಪ್ಪನ್ನು ಆ ಸೆಖೆಯಲ್ಲೂ ಕತ್ತಿನವರೆಗೆ ಎಳೆದುಕೊಂಡು ಬೆವರುತ್ತ ನಿಂತಿದ್ದ.

"ನೀವು ಸೊಸೆ ಅಲ್ವಾ?" ಕೈಚೀಲವನ್ನು ಎದೆಗವಚಿಕೊಂಡಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. "ನಂಗೆ ಕೆಲಸ ಹೋದಾಗ ಅಜ್ಜಿ ಮೆಸೇಜ್ ಕಳಿಸಿದ್ರು. 'ಹಲ್ಲು ಬಿಟ್ಟ ಜಿಪ್ಪೂ ಕೂಡ್ಕೊಳ್ಳುತ್ತೆ ಮಗಾ, ಮತ್ತೆ ಕೆಳಗಿಂದ ಶುರು ಮಾಡ್ಬೇಕು ಅಷ್ಟೆ' ಅಂತ. ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೀನಿ."

ಅಡುಗೆಮನೆಯಲ್ಲಿ ಹಾಲು ಉಕ್ಕಲೆಂದು ಕಾಯುತ್ತ, ಒಂದೇ ಕೈಯಲ್ಲಿ ಆ ಸಾಲನ್ನು ಒತ್ತಿದ್ದು ಸೊಸೆಗೆ ನೆನಪಿತ್ತು. ಆಮೇಲೆ ಹಾಲು ಉಕ್ಕಿ ಒಲೆಯೆಲ್ಲ ಹರಿದದ್ದೂ.

"ಮೆಸೇಜಾ?" ಹಿಂದಿನಿಂದ ಗುಡುಗಿದಂತೆ ಮಾತು ಬಂತು. "ಯಾರು, ನಮ್ಮ ಯಮ್ಮನಾ?"

ಕೀಲಿ ಮಾಮ. ಅರ್ಧ ಅಂಗಡಿ ಅತ್ತೆಯದಾದರೆ ಇನ್ನರ್ಧ ಅವನದು. ಕೀಲಿ ಕೊರೆಯುವ ಯಂತ್ರದ ಕಿರುಚಾಟದ ಮೇಲೆ ಮಾತಾಡಿ ಮಾತಾಡಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು.

"ಮಾಮ, ಟೀ ಆರೋಗುತ್ತೆ ಬಾ," ಎಂದು ಸೊಸೆಯ ಗಂಡ ಎಲ್ಲಿಂದಲೋ ಹಾರಿ ಬಂದವನಂತೆ ಅವನ ಭುಜಕ್ಕೆ ಕೈಹಾಕಿ ಆಚೆ ಎಳೆದೊಯ್ದ. ಹಿಂತಿರುಗಿ ಬಂದವನು ಹೆಂಡತಿಯ ಕಿವಿಯಲ್ಲಿ, "ತಂಗಿಗೆ ಹೇಳ್ಬಿಡು," ಎಂದ.

"ಇವತ್ತಾ?"

"ಹಾಗಾದ್ರೆ ಓದ್ಬಿಡು. ನಂಗೇನೂ ತೋಚ್ತಿಲ್ಲ." ಅವನ ಕಣ್ಣು ಕೆಂಪಗಿತ್ತು. ಪಾಪ, ಅವನಿಗೂ ಅಮ್ಮ ಹೋದ ದಿನ ಅದು.

*

ಪೇಜು ಶುರುವಾದದ್ದು ಅಂಗಡಿಗೆ ನೊಣವೂ ಸುಳಿಯದ ದಿನಗಳಲ್ಲಿ. ಜಿಪ್ಪು ಕೆಟ್ಟರೆ ಜನ ಬ್ಯಾಗನ್ನೇ ಎಸೆದು ಹೊಸದು ತರುತ್ತಿದ್ದರು. ಸೊಸೆ ಕೆಲಸ ಮಾಡುತ್ತಿದ್ದ ಟಿಕೆಟ್ ಕಚೇರಿ ಮುಚ್ಚಿತ್ತು. ಮನೆಯಲ್ಲಿ ಕೂತು, ಪೇಜು ಕಟ್ಟುವುದು ಹೇಗೆಂದು ಫೋನಿನಲ್ಲೇ ಒಂದು ತರಗತಿಗೆ ಸೇರಿಕೊಂಡಿದ್ದಳು.

"ಅತ್ತೆ, ನಿಮ್ಮದೊಂದು ವಿಡಿಯೋ ತೆಗೀಲಾ?"

"ಯಾಕೆ, ನಾನೇನು ಕಳೆದುಹೋಗಿದ್ದೀನಾ, ಊರಿಗೆಲ್ಲ ತೋರಿಸಿ ಹುಡುಕೋಕೆ?"

"ನೋಡಿದ್ರೆ ಜನ ಬರ್ತಾರೆ ಅತ್ತೆ."

"ಮುಖ ಬೇಡ. ಬೇಕಾದ್ರೆ ಕೈ ತೆಕ್ಕೋ. ಕೈಗೆ ನಾಚಿಕೆ ಇಲ್ಲ."

ಹಾಗೆ ಕೈಗಳು ಬಂದವು. ಸುಕ್ಕು ಚರ್ಮ, ಹೆಬ್ಬೆರಳಿನಲ್ಲಿ ಸೂಜಿಯ ಹಳೆಯ ಕಲೆ, ಇಕ್ಕಳದಿಂದ ಜಿಪ್ಪಿನ ಹಲ್ಲುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡುವ ತಾಳ್ಮೆ. ಯಾವ ಹೊತ್ತಿಗೆ ಹಾಕಿದರೆ ಜನ ನೋಡುತ್ತಾರೆ, ವಾರದ ಪೋಸ್ಟುಗಳನ್ನು ಒಂದೇ ಸಲ ತುಂಬಿಟ್ಟು ತಾವಾಗಿಯೇ ಹೋಗುವಂತೆ ಮಾಡುವುದು ಹೇಗೆ, ಬಂದ ಪ್ರತಿಯೊಂದು ಮಾತಿಗೂ ಉತ್ತರ ಯಾಕೆ ಕೊಡಬೇಕು, ಎಲ್ಲವನ್ನೂ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಪೇಜಿಗೊಂದು ಸ್ವಭಾವ ಇರಬೇಕು, ಬೆಚ್ಚಗಿನ ಸ್ವಭಾವ, ಎಂದಿದ್ದರು.

ಅತ್ತೆಯ ಸ್ವಭಾವವೋ, ಗಿರಾಕಿ ಥ್ಯಾಂಕ್ಸ್ ಅಂದರೆ "ಸರಿ ಸರಿ, ಬೆಳಕಿಗೆ ಅಡ್ಡ ನಿಲ್ಬೇಡಿ" ಅನ್ನುವಂಥದು. ಅದನ್ನು ಬರೆಯಲಾಗುತ್ತದೆಯೇ? ಸೊಸೆ ಪೇಜಿಗೆಂದು ಇನ್ನೊಬ್ಬ ಅಜ್ಜಿಯನ್ನು ಮಾಡಿಕೊಂಡಳು. ಆ ಅಜ್ಜಿ ತಮಾಷೆ ಮಾಡುತ್ತಿದ್ದಳು, ಕೇಳದೆಯೇ ಸಮಾಧಾನ ಹೇಳುತ್ತಿದ್ದಳು, ಎಲ್ಲರನ್ನೂ ಮಗಾ ಎನ್ನುತ್ತಿದ್ದಳು. ಜನ ಬಂದರು. ಅಂಗಡಿಯಲ್ಲಿ ಬ್ಯಾಗು ಇಡಲು ಜಾಗವಿಲ್ಲದೆ ಕೀಲಿ ಮಾಮನ ಕಡೆಗೂ ರಾಶಿ ಬಿತ್ತು.

"ಏನ್ ಬರೀತೀಯೆ ಅದ್ರಲ್ಲಿ?" ಎಂದು ಅತ್ತೆ ಒಂದು ಸಲ ಕೇಳಿದ್ದರು.

"ನೀವು ಒಳ್ಳೆಯವರು ಅಂತ."

"ಸುಳ್ಳೆಲ್ಲ ಬರೀಬೇಡ," ಎಂದರು, ತಲೆ ಎತ್ತದೆ.

ಪೇಜಿನ ಅಜ್ಜಿಯನ್ನು ಹುಡುಕಿಕೊಂಡು ಬಂದವರಿಗೆ ಈ ಅಜ್ಜಿ ಕಾಲಿನಿಂದಲೇ ಸ್ಟೂಲು ತಳ್ಳಿ ಕೂರಲು ಹೇಳುತ್ತಿದ್ದರು. ಎಷ್ಟು ಹೊತ್ತು ಕೂತರೂ ಏಳಿ ಅನ್ನುತ್ತಿರಲಿಲ್ಲ. ಮಾತು ಮಾತ್ರ ಆಡುತ್ತಿರಲಿಲ್ಲ.

*

"ಸ್ಮಶಾನದ ವ್ಯಾನು ಬರೋ ಹೊತ್ತಾಯ್ತು. ಯಾರಾದ್ರೂ ಎರಡು ಮಾತು ಆಡೋರಿದ್ರೆ ಆಡಿ," ಎಂದು ಹಾಲ್‌ನ ಮೇಲ್ವಿಚಾರಕ ಬಾಗಿಲಲ್ಲಿ ನಿಂತು ಹೇಳಿದ.

ನಾದಿನಿ ಸೊಸೆಯ ಬೆನ್ನಿಗೆ ಮೆಲ್ಲಗೆ ತಟ್ಟಿದಳು. "ಹೋಗು ಅತ್ತಿಗೆ."

ಸೊಸೆ ಇನ್ನೂ ಎದ್ದಿರಲಿಲ್ಲ. ಅಷ್ಟರಲ್ಲಿ ಖಾಲಿ ಟೀ ಲೋಟ ಹಿಡಿದುಕೊಂಡೇ ಕೀಲಿ ಮಾಮ ಎದ್ದು ನಿಂತಿದ್ದ.

"ಈ ಯಮ್ಮನ ಜೊತೆ ಒಂದೇ ಸೂರಿನಡಿ ಕೂತು ನನ್ನ ಕೂದಲೆಲ್ಲ ಬೆಳ್ಳಗಾಯ್ತು. ಕಟ್ಕೊಂಡ ಹೆಂಡತಿ ಜೊತೆನೂ ಅಷ್ಟು ಹೊತ್ತು ಕೂತಿಲ್ಲ ನಾನು." ಹಿಂದಿನ ಸಾಲಿನಲ್ಲಿ ನಗು ಎದ್ದಿತು. "ಮಾತು ಅಂತೂ ಇಲ್ಲವೇ ಇಲ್ಲ. ಆಡಿದ್ರೆ 'ರೇಡಿಯೋ ಸಣ್ಣ ಮಾಡೋ' ಅಷ್ಟೇ. ಆದ್ರೆ ನಂಗೆ ಕಣ್ಣಿನ ಆಪರೇಶನ್ ಆದಾಗ ನನ್ನ ಕಡೆ ಷಟರ್ ದಿನಾ ಎತ್ತಿದ್ದು ಯಾರು? ಈ ಯಮ್ಮ. ಕೀಲಿ ಕೊರೆಯೋಕೆ ಬರಲ್ಲ, ಆದ್ರೂ ಎತ್ತೋಳು. ಮಾಮ ಅಂಗಡಿ ಮುಚ್ಚಿಬಿಟ್ಟ ಅಂತ ಗಿರಾಕಿಗಳು ಬೇರೆ ಕಡೆ ಹೋಗ್ಬಾರದು ಅಂತ."

ಅವನು ಮೂಗು ಒರೆಸಿಕೊಂಡ. ಅಲ್ಲಿಗೇ ಕೂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಕೂರಲಿಲ್ಲ.

"ಈಗ ನೋಡಿದ್ರೆ ನೀವೆಲ್ಲ ಮೆಸೇಜು, ಮೆಸೇಜು ಅಂತೀರಿ. ಅಯ್ಯೋ, ಯಮ್ಮಂಗೆ ಫೋನಿನ ಬೆಳಕು ಹತ್ತಿಸೋಕೂ ಬರ್ತಿರಲಿಲ್ಲ! ಅದೆಲ್ಲ ಬರೀತಿದ್ದೋಳು ಇಲ್ಲಿ ಕೂತಿದ್ದಾಳೆ ನೋಡಿ, ಸೊಸೆ. ಒಂದಕ್ಷರಾನೂ ಬಿಡದೆ ಎಲ್ಲಾ ಇವಳದ್ದೇ. ಹೆಸರು ಮಾತ್ರ ಅತ್ತೇದು. ಸೊಸೆ ಅಂದ್ರೆ ಹಿಂಗಿರ್ಬೇಕು ಕಣ್ರೀ!"

ಚಪ್ಪಾಳೆ ಬೀಳುತ್ತದೆಂದು ಕಾದವನಂತೆ ಅವನು ಸುತ್ತ ನೋಡಿದ. ಯಾರೂ ಕೈ ತಟ್ಟಲಿಲ್ಲ. ಏನೋ ಹೆಚ್ಚುಕಮ್ಮಿಯಾಯಿತೆಂದು ಹೊಳೆದು, ನಾಲಿಗೆ ಕಚ್ಚಿಕೊಂಡು ಕೂತುಬಿಟ್ಟ.

ನಾದಿನಿ ಸೊಸೆಯ ಕಡೆ ತಿರುಗಲೇ ಇಲ್ಲ. ಎದ್ದು, ಕುರ್ಚಿಗಳ ನಡುವೆ ನೆಟ್ಟಗೆ ನಡೆದು, ಪಕ್ಕದ ಬಾಗಿಲಿನಿಂದ ಹೊರಗೆ ಹೋದಳು.

ಸೊಸೆ ಅವಳ ಹಿಂದೆ ಹೊರಟಾಗ ಎಲ್ಲರ ಕಣ್ಣೂ ತನ್ನ ಮೇಲಿದ್ದದ್ದು ಬೆನ್ನಿಗೆ ತಿಳಿಯುತ್ತಿತ್ತು. ಫ್ರಿಜ್ಜಿನ ಹೆಂಗಸು ದಾರಿಗೆ ಅಡ್ಡವಾಗಿ ಕೂತಿದ್ದಳು. ಅವಳು ಒಂದು ಗಳಿಗೆ ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಮೊಣಕಾಲು ಮಡಚಿ ದಾರಿ ಬಿಟ್ಟು, "ಬೇಗ ಹೋಗಿ, ಅವರೊಬ್ರೇ ಇದ್ದಾರೆ," ಎಂದಳು.

*

ಅಮ್ಮ ಮಗಳು ಮಾತು ಬಿಟ್ಟದ್ದು ಒಂದೇ ಒಂದು ಸಂಜೆಯ ಜಗಳಕ್ಕೆ. ಹಲ್ಲಿನ ಡಾಕ್ಟರ ಹತ್ತಿರ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮಗಳು, ಯಾವುದೋ ಸಿಟ್ಟಿನಲ್ಲಿ, "ಕಂಡವರ ಹರಕು ಬ್ಯಾಗಿನ ವಾಸನೆ ಹೊಡೀತೀಯ ನೀನು" ಎಂದಿದ್ದಳು. "ಹಾಗಾದ್ರೆ ಮೂಗು ಮುಚ್ಕೊಂಡು ಹೋಗು, ಮತ್ತೆ ಬರ್ಬೇಡ" ಎಂದಿದ್ದರು ತಾಯಿ. ಇಬ್ಬರೂ ಮಾತಿಗೆ ತಪ್ಪುವವರಲ್ಲ. ವರ್ಷಗಳು ಹೋದವು.

ಒಂದು ದಿನ ಅತ್ತೆ ಅಟ್ಟದಿಂದ ಮಗಳ ಹಳೆಯ ಶಾಲೆ ಬ್ಯಾಗನ್ನು ಇಳಿಸಿ ತಂದು, ಯಾರೂ ಕೇಳದಿದ್ದರೂ ಅದಕ್ಕೆ ಹೊಸ ಜಿಪ್ಪು ಹಾಕತೊಡಗಿದರು. ಸೊಸೆ ಫೋನು ಹಿಡಿದಳು. ಅವತ್ತು ಅತ್ತೆ ಎಂದೂ ಇಲ್ಲದಷ್ಟು ಮಾತಾಡಿದರು. ಆದರೆ ಅದೆಲ್ಲ ಬೈಗುಳ, ಶುರುವಾದದ್ದೇ "ಕಳ್ಳಿ" ಎಂದು. ಬೆಚ್ಚಗಿನ ಪೇಜಿಗೆ ಅದು ಒಪ್ಪುವಂಥದ್ದಲ್ಲ. ಸೊಸೆ ಸದ್ದು ಅಳಿಸಿ, ಮೇಲೊಂದು ಪಿಟೀಲಿನ ಸಂಗೀತ ಹಾಕಿ, ಕೆಳಗೆ ತಾನೇ ಬರೆದಳು: "ಮಗಳೇ, ನಿನ್ನ ಬ್ಯಾಗಿಗೆ ಇವತ್ತು ಹೊಸ ಜಿಪ್ಪು ಹಾಕಿದೆ. ಅವತ್ತು ಆಡಿದ ಮಾತಿಗೆ ಕ್ಷಮಿಸು. ಬಾ."

ಮರುವಾರ ಮಗಳು ಅಂಗಡಿಯ ಮುಂದೆ ನಿಂತಿದ್ದಳು. ತಾಯಿ ತಲೆ ಎತ್ತಿ ನೋಡಿ, ಕಾಲಿನಿಂದ ಸ್ಟೂಲು ತಳ್ಳಿದರು. ಅಲ್ಲಿಂದ ಮುಂದೆ ಅವಳು ರಜೆ ಸಿಕ್ಕಾಗಲೆಲ್ಲ ಬಂದಳು. ಪೋಸ್ಟಿನ ಮಾತನ್ನು ತಾಯಿಯ ಹತ್ತಿರ ಎತ್ತಲೇ ಇಲ್ಲ. ಅತ್ತಿಗೆಯ ಕೈಲಿ ಬರೆಸಿದ್ದನ್ನು ಬಾಯಿಬಿಟ್ಟು ಕೇಳಿ ಅಮ್ಮನನ್ನು ಮುಜುಗರಕ್ಕೆ ಹಾಕುವುದೇಕೆ ಎಂದು ಅವಳ ಲೆಕ್ಕ. ಇಬ್ಬರೂ ಪಕ್ಕಪಕ್ಕ ಕೂತು ಟೀ ಕುಡಿಯುವುದನ್ನು ಕಂಡಾಗಲೆಲ್ಲ ಸೊಸೆಗೆ ನಿಜ ಹೇಳಬೇಕೆನ್ನಿಸುತ್ತಿತ್ತು. ಬಾಯಿ ಬರುತ್ತಿರಲಿಲ್ಲ.

*

ನಾದಿನಿ ಹಿಂದಿನ ಅಂಗಳದ ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ, ಅದೇ ಸೊಸೆಗೆ ಹೆದರಿಕೆಯಾದದ್ದು.

"ಕ್ಷಮಿಸು ಅನ್ನೋದೂ ನೀನೇ ಬರ್ದಿದ್ದಾ?"

"ಹೂಂ."

"ಬಾ ಅನ್ನೋದೂ?"

"ಹೂಂ."

"ಅಂದ್ರೆ ನಾನು ಅಮ್ಮ ಕರೆದ್ಲು ಅಂತ ಬರಲಿಲ್ಲ. ನೀನು ಕರೆದೆ ಅಂತ ಬಂದೆ." ಅವಳು ತಗ್ಗಿದ ದನಿಯಲ್ಲೇ ಹೇಳುತ್ತಿದ್ದಳು. "ಅಮ್ಮಂಗೆ ನಾನು ಬೇಕಿದ್ನೋ ಇಲ್ವೋ, ಅದೇ ಈಗ ಗೊತ್ತಿಲ್ಲ ನಂಗೆ. ಕೇಳೋಣ ಅಂದ್ರೆ ಅವಳಿಲ್ಲ. ಏನ್ ಮಾಡಿಬಿಟ್ಟೆ ಅತ್ತಿಗೆ ನೀನು?"

ಸಮಾಧಾನದ ಮಾತುಗಳೇನೋ ಸೊಸೆಯ ನಾಲಿಗೆಯ ತುದಿಯಲ್ಲೇ ಇದ್ದವು, ವರ್ಷಗಟ್ಟಲೆ ಬರೆದು ಬರೆದು ಸವೆದ ಮಾತುಗಳು. ಅವನ್ನು ನುಂಗಿಕೊಂಡಳು. ಫೋನು ತೆಗೆದು, ಹಳೆಯ ವಿಡಿಯೋಗಳ ರಾಶಿಯಲ್ಲಿ ಕೆಳಗೆ, ಇನ್ನೂ ಕೆಳಗೆ ಹೋಗಿ, ಸಂಗೀತ ಹಾಕುವ ಮೊದಲಿನದನ್ನು ಹುಡುಕಿದಳು. ಅದರಲ್ಲಿ ಬೈಗುಳವಿತ್ತು ಎಂಬುದು ಬಿಟ್ಟರೆ ಬೇರೇನೂ ಸರಿಯಾಗಿ ನೆನಪಿರಲಿಲ್ಲ.

"ನಾನು ಸದ್ದು ತೆಗೆದುಹಾಕಿದ್ದೆ," ಎಂದು ಫೋನನ್ನು ನಾದಿನಿಯ ಕೈಗಿಟ್ಟಳು. "ಇದು ಅವರದ್ದೇ ಮಾತು."

ಹೊಲಿಗೆ ಯಂತ್ರದ ಗಡಗಡ. ಅದರ ಮೇಲೆ ಅತ್ತೆಯ ಒಣ ದನಿ: "ಕಳ್ಳಿ. ಮಹಾ ಕಳ್ಳಿ ಅವಳು."

ನಾದಿನಿ ತಟ್ಟನೆ ವಿಡಿಯೋ ನಿಲ್ಲಿಸಿದಳು. "ಇದನ್ನ ಕೇಳಿಸೋಕೆ ಬಂದ್ಯಾ?"

"ಪೂರ್ತಿ ಕೇಳು. ನಾನೂ ಅವತ್ತು ಪೂರ್ತಿ ಕೇಳಲಿಲ್ಲ."

ಮತ್ತೆ ಗಡಗಡ. "ಈ ಬ್ಯಾಗಲ್ಲಿ ದಿನಾ ಎರಡು ಊಟದ ಡಬ್ಬಿ ತುರುಕಿಕೊಂಡು ಹೋಗೋಳು. ಜಿಪ್ಪು ಕಿತ್ತು ಬರದೆ ಇನ್ನೇನಾಗುತ್ತೆ? ಒಂದು ಇವಳದ್ದು, ಒಂದು ಪಕ್ಕ ಕೂರೋ ಹುಡುಗೀದು. ತಾಯಿ ಇಲ್ಲದ ಕೂಸು ಅದು. ನಾನು ಬಚ್ಚಲಿಗೆ ಹೋದಾಗ ಅನ್ನದ ಪಾತ್ರೆಯಿಂದ ಕದ್ದು ತುಂಬೋಳು. ನಂಗೆ ಗೊತ್ತಾಗಲ್ಲ ಅಂತ." ಯಂತ್ರ ನಿಂತಿತು, ಕತ್ತರಿ ಕಚಕ್ಕೆಂದಿತು. "ನಾನೂ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕ್ತಿದ್ದೆ. ಕದ್ರೂ ಯಾಕಮ್ಮ ಕಮ್ಮಿ ಆಗಲ್ಲ ಅಂತ ಒಂದಿನ ಕೇಳಿದ್ಲಾ? ಕೇಳ್ಬೇಕು ತಾನೆ? ಬಾಯಿ ಮಾತ್ರ ಇಷ್ಟುದ್ದ." ಯಂತ್ರ ಮತ್ತೆ ಗಡಗಡ ಅಂದು ನಿಂತಿತು. "ಈಗ ಹೊತ್ತಿಗೆ ಸರಿಯಾಗಿ ಉಣ್ತಾಳೋ ಇಲ್ವೋ. ಸಾಕು, ನಿಲ್ಸೇ ಅದನ್ನ."

ನಾದಿನಿ ಫೋನು ಹಿಂತಿರುಗಿಸಲಿಲ್ಲ, ಮತ್ತೆ ಮೊದಲಿನಿಂದ ಹಾಕಿಕೊಂಡಳು. ಸೊಸೆಯತ್ತ ನೋಡಲೂ ಇಲ್ಲ. ಆದರೆ ಮೆಟ್ಟಿಲ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದಳು. ಅಲ್ಲಿ ಕೂರಬಹುದೋ ಬಾರದೋ ತಿಳಿಯದೆ ಸೊಸೆ ಗೋಡೆಗೊರಗಿ ನಿಂತೇ ಇದ್ದಳು.

ವ್ಯಾನು ಅಂಗಳಕ್ಕೆ ತಿರುಗಿ ಬಂತು. ಒಳಗಿನಿಂದ ಕುರ್ಚಿಗಳು ಸರಿಯುವ ಸದ್ದು, ಯಾರೋ "ಎಲ್ಲಿ, ಮಗಳೆಲ್ಲಿ?" ಎನ್ನುವುದು ಕೇಳಿಸಿತು. ಗಂಡ ಬಾಗಿಲಿಗೆ ಬಂದವನು ತಂಗಿಯನ್ನು ಕಂಡು ಅಲ್ಲೇ ನಿಂತ.

ಹಾರ್ನಿಗೆ ಕೈಯಿಟ್ಟಿದ್ದ ಡ್ರೈವರು ಮೆಟ್ಟಿಲ ಮೇಲಿನ ಹೆಂಗಸನ್ನು ನೋಡಿದ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು, ತಲೆ ತಗ್ಗಿಸಿ, ಅತ್ತಕಡೆಯಿಂದ ಯಾರೋ ದೊಡ್ಡವರು ಬೈಯುತ್ತಿರುವಾಗ ಕೇಳುವಂತೆ ಕೇಳುತ್ತಿದ್ದಳು. "ಹ್ಞೂಂ," ಅನ್ನುತ್ತಿದ್ದಳು, ನಡುನಡುವೆ. "ಹ್ಞೂಂ... ಕೇಳ್ಬೇಕಿತ್ತಮ್ಮ." ಮತ್ತೆ ಸ್ವಲ್ಪ ಹೊತ್ತಿಗೆ, "ಇಲ್ಲ, ಇನ್ನೂ ಇಲ್ಲ. ಉಣ್ತೀನಿ."

ಡ್ರೈವರು ಹಾರ್ನಿನಿಂದ ಕೈ ತೆಗೆದು ಎಂಜಿನ್ನು ಆರಿಸಿದ. "ಫೋನಲ್ಲಿದ್ದಾರೆ," ಎಂದು ಪಕ್ಕದವನಿಗೆ ಹೇಳಿ, ಬೇರೆಯವರ ಮಾತು ಕಿವಿಗೆ ಬೀಳಬಾರದೆಂದು ಕಿಟಕಿಯ ಗಾಜನ್ನು ಮೆಲ್ಲಗೆ ಮೇಲೇರಿಸಿಕೊಂಡ.