ಹಳಿಯಾಳಕ್ಕೆ ಹೋದ ಕಾಗದ

"ದೀಪ ಹಸಿರು ಐತಿ, ಹಾಳಿ ತುಂಬೇನಿ, ನಾಕ ಸಲ ಬಂದ್ ಮಾಡಿ ಚಾಲೂ ಮಾಡೇನಿ. ಇನ್ನೇನ ಮಾಡ್ಲಿ ನಾ?" ಎಂದು ಕೌಂಟರಿನ ಮಧುಮತಿ ಸಿಡುಕಿದಳು.

ಪೂರ್ಣಿಮಾ ಮೇಜಿನ ಕೆಳಗೆ ಮಂಡಿಯೂರಿ, ಪ್ರಿಂಟರಿನ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದಳು. ಬೆಳಿಗ್ಗೆ ಅಂಬೇವಾಡಿಯಲ್ಲಿ ಬಸ್ಸು ಹತ್ತಿದವಳು ಮುಂಡಗೋಡ ಮುಟ್ಟುವಷ್ಟರಲ್ಲಿ ಹನ್ನೊಂದಾಗಿತ್ತು. ಅವಳು ಕೆಲಸಕ್ಕಿದ್ದ ಖಾಸಗಿ ಆಸ್ಪತ್ರೆ ಇದ್ದದ್ದು ದಾಂಡೇಲಿಯಲ್ಲಿ. ಹಳಿಯಾಳ ಮತ್ತು ಮುಂಡಗೋಡದಲ್ಲಿ ಅದರ ಸಣ್ಣ ದವಾಖಾನೆಗಳು. ಮೂರೂ ಊರಿನ ಕಂಪ್ಯೂಟರುಗಳಿಗೆ ಇವಳೊಬ್ಬಳೇ. ಯಾರು ಎಲ್ಲಿ ಕುಳಿತರೂ ದಾಂಡೇಲಿಯ ಒಂದೇ ಸರ್ವರಿಗೆ ಲಾಗಿನ್ ಆಗಿ, ಅದರೊಳಗೇ ಕೆಲಸ ಮಾಡುತ್ತಿದ್ದರು. ಇಲ್ಲಿ ತೆಗೆದ ರಕ್ತ ದಾಂಡೇಲಿಯ ಲ್ಯಾಬಿಗೆ ಹೋಗುತ್ತಿತ್ತು. ಲ್ಯಾಬಿನ ವರದಿ ಇಲ್ಲಿಯ ಪರದೆಯಲ್ಲಿ ತೆರೆಯುತ್ತಿರಲಿಲ್ಲ; ಅಲ್ಲಿ ಪ್ರಿಂಟ್ ಒತ್ತಿದರೆ ಹಾಳೆ ಇಲ್ಲಿ ಬಂದು ಬೀಳಬೇಕು. ಸೋಮವಾರದಿಂದ ಒಂದೂ ಬಿದ್ದಿರಲಿಲ್ಲ. ಅಂದು ಬುಧವಾರ.

ಗೋಡೆಗೆ ಹಚ್ಚಿದ ಬೆಂಚಿನ ತುದಿಯಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮಧುಮತಿ ದನಿ ತಗ್ಗಿಸಿದಳು. "ಮಾರ್ಗರೀಟಾ ಅಂತ. ಮಳಗಿ ಆಚೆ ಸಿದ್ದಿ ಕೇರಿಯಾಕಿ. ಗಂಡ ಲುಯಿಸ್‌ಗ ಜ್ವರ, ಸೋಮವಾರ ರಕ್ತ ಕೊಟ್ಟು ಹೋಗಿ ಮನ್ಯಾಗ ಮಲಗ್ಯಾನ. ನಿನ್ನೆ ಇಡೀ ದಿನ ಇಲ್ಲೇ ಕೂತಿದ್ಲು. ರಿಪೋರ್ಟ್ ನೋಡೂತನಕ ಡಾಕ್ಟರು ಏನೂ ಹೇಳಂಗಿಲ್ಲ. ಲ್ಯಾಬಿಗೆ ಮೂರು ಸಲ ಫೋನ್ ಹಚ್ಚೇನಿ. 'ನಾವು ಪ್ರಿಂಟ್ ಕೊಟ್ಟೇವಿ, ಫೋನಿನ್ಯಾಗ ಓದಿ ಹೇಳಂಗಿಲ್ಲ, ನಿಮ್ಮ ಪ್ರಿಂಟರ್ ನೋಡ್ಕೋರಿ' ಅಂತಾರ."

ಮಾರ್ಗರೀಟಾ ಕತ್ತೆತ್ತಿದಳು. "ಅಕ್ಕಾರ, ಇವತ್ತರ ಬರತೈತೇನ್ರಿ?"

"ಬರತೈತಿ. ಹತ್ತು ನಿಮಿಷ ಕೂಡ್ರಿ," ಎಂದಳು ಪೂರ್ಣಿಮಾ.

ಅವಳು ಸರ್ವರಿನೊಳಗೆ ಹೋಗಿ ಮುಂಡಗೋಡದ ಪ್ರಿಂಟರಿನ ಪಟ್ಟಿ ತೆಗೆದಳು. ಮೂವತ್ತೊಂದು ವರದಿಗಳು. ಎಲ್ಲದರ ಮುಂದೆಯೂ ಮುದ್ರಣ ಮುಗಿದಿದೆ ಎಂದಿತ್ತು. ನಡುವೆ ಎಲ್ಲೋ ಸಿಕ್ಕಿಕೊಂಡಿದ್ದರೆ ಸರ್ವರು ಹೇಳುತ್ತಿತ್ತು. ಸಿಕ್ಕಿಕೊಂಡಿಲ್ಲ ಅಂದರೆ ಅವು ಎಲ್ಲೋ ಒಂದು ಕಡೆ ಬಿದ್ದಿವೆ.

ಶನಿವಾರ ಸಂಜೆ ನೆನಪಾಯಿತು. ಮುಂಡಗೋಡಕ್ಕೆ ಹೊಸ ಪ್ರಿಂಟರು ಬಂದಿತ್ತು. ದಾಂಡೇಲಿಯಲ್ಲೇ ಕುಳಿತು, ಬೇಗ ಆಗಲಿ ಎಂದು ಹಳಿಯಾಳದ ಪ್ರಿಂಟರಿನ ಸೆಟ್ಟಿಂಗನ್ನು ನಕಲು ಮಾಡಿ ಹೆಸರು ಬದಲಿಸಿದ್ದಳು. ಪರೀಕ್ಷೆಗೆ ಒಂದು ಹಾಳೆ ಕಳಿಸಿದಾಗ, ಹೋಯಿತು ಎಂದು ಸರ್ವರು ಹೇಳಿತ್ತು. ಮಧುಮತಿಗೆ ಫೋನು ಮಾಡಿ ಹಾಳೆ ಬಂತೇ ಎಂದು ಕೇಳಿರಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಈಗ ಅದರ ವಿಳಾಸ, ಅಂದರೆ ಹಾಳೆ ಯಾವ ಯಂತ್ರಕ್ಕೆ ಹೋಗಬೇಕೆಂದು ಹೇಳುವ ಅಂಕಿಗಳನ್ನು, ತೆರೆದು ನೋಡಿದಳು. ಕೊನೆಯ ಅಂಕಿ ಹಳಿಯಾಳದ್ದೇ ಆಗಿ ಉಳಿದಿತ್ತು.

ಅವಳು ಹಳಿಯಾಳದ ದವಾಖಾನೆಗೆ ಫೋನು ಮಾಡಿದಳು. ಅಲ್ಲಿಯ ಕೌಂಟರಿನ ಲೋಕೇಶ ಫೋನು ಹಿಡಿದೇ ಸ್ಟೋರ್ ರೂಮಿನ ಬೀಗ ತೆಗೆದ. "ಅಯ್ಯ, ಹಾಳಿ ನೆಲದ ತುಂಬಾ ಬಿದ್ದಾವ್ರಿ ಮೇಡಂ. ಈ ಪ್ರಿಂಟರ್ ತಿಂಗಳ ಕೊನೀಗೆ ಅಷ್ಟ ಬೇಕಾಗತೈತಿ. ಯಾರೂ ಈ ಕಡೆ ಬಂದಿಲ್ಲ."

"ಲುಯಿಸ್ ಅಂತ ಹೆಸರು ಹುಡುಕು."

ಹಾಳೆ ಸರಿಸುವ ಸದ್ದು ಕೇಳಿಸಿತು. "ಐತ್ರಿ. ಡೆಂಗ್ಯೂ. ಪ್ಲೇಟ್‌ಲೆಟ್ ಹನ್ನೊಂದು ಸಾವಿರ. ಸೋಮವಾರ ಸಂಜಿ ಐದೂವರಿ. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಸ್ರಿ ಅಂತ ಕೆಳಗ ಬರದಾರ್ರಿ."

ಪೂರ್ಣಿಮಾ ಅಂಕಿ ತಿದ್ದಿ ಲುಯಿಸ್‌ನ ವರದಿಯನ್ನು ಮತ್ತೆ ಕಳಿಸಿದಳು. ಅರೆ ನಿಮಿಷವೂ ಹಿಡಿಯಲಿಲ್ಲ. ಪ್ರಿಂಟರು ಗುರುಗುಟ್ಟಿ ಬೆಚ್ಚನೆಯ ಹಾಳೆಯನ್ನು ಹೊರಗೆ ಹಾಕಿತು. ಅದನ್ನು ನೋಡಿದ ಡಾಕ್ಟರು ಕೋಣೆಯಿಂದ ಎದ್ದೇ ಬಂದು ಆಂಬುಲೆನ್ಸ್ ಕರೆಸಿದರು. ಮಾರ್ಗರೀಟಾ ಡ್ರೈವರನ ಪಕ್ಕ ಹತ್ತುವಾಗ ಪೂರ್ಣಿಮಾಳ ಕಡೆ ತಿರುಗಿ, "ಉಪಕಾರ ಆತ್ರಿ ಅಕ್ಕಾ" ಎಂದಳು.

ಲುಯಿಸ್‌ನನ್ನು ಮನೆಯಿಂದ ಕರೆದೊಯ್ದ ಗಾಡಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಮುಟ್ಟಲಿಲ್ಲ. ದಾರಿಯಲ್ಲಿ ತಡಸದ ಹತ್ತಿರ ಅವನ ಉಸಿರು ನಿಂತಿತು. ಅವನಿಗೆ ಮೂವತ್ತಾರು ವರ್ಷ.

ಮರುದಿನ ದಾಂಡೇಲಿಯಲ್ಲಿ, ವಿಷಯ ತಿಳಿದ ಮ್ಯಾನೇಜರ್ ಸಂಜೀವಕುಮಾರ ಅವಳನ್ನು ಒಳಗೆ ಕರೆದು ಬಾಗಿಲು ಮುಚ್ಚಿದ. ಬೈಯಲಿಲ್ಲ. "ರಿಪೋರ್ಟ್ ರೆಡಿ ಇತ್ತು, ಪೇಷಂಟ್ ಕಡೆಯವರು ಒಯ್ಯಾಕ ಬರಲಿಲ್ಲ ಅಂತ ಬರದೇನಿ. ನಿನ್ನ ಹೆಸರು ಎಲ್ಲೂ ಬರೂದಿಲ್ಲ. ಸರ್ವರ್‌ದಾಗ ಎಲ್ಲಿಗೆ ಹೋಗಿತ್ತು ಅನ್ನೂದು ಐತಲ್ಲ, ಅದನ್ನ ತಗದಬಿಡು."

"ಆಕಿ ಎರಡು ದಿನ ಅಲ್ಲೇ ಕೂತಿದ್ಲ್ರಿ ಸರ್."

"ಕೂತಿದ್ದಕ್ಕ ರಸೀದಿ ಐತೇನು?"

ಪೂರ್ಣಿಮಾ ತನ್ನ ಕುರ್ಚಿಗೆ ಮರಳಿದಳು. ತಂದೆಯ ಡಯಾಲಿಸಿಸ್ ನಡೆಯುತ್ತಿದ್ದದ್ದು ಇದೇ ಆಸ್ಪತ್ರೆಯಲ್ಲಿ, ನೌಕರರ ರಿಯಾಯಿತಿಯ ಲೆಕ್ಕದಲ್ಲಿ. ಸರ್ವರು ತೆರೆದು ಆ ಮೂವತ್ತೊಂದು ಸಾಲುಗಳನ್ನು ಆರಿಸಿ ಅಳಿಸಿದಳು.

ಭಾನುವಾರ ಯಾರಿಗೂ ಹೇಳದೆ ಮಳಗಿಯ ಬಸ್ಸು ಹಿಡಿದಳು. ಅಲ್ಲಿಂದ ಕೇರಿಯ ತನಕ ಸಲೀಂ ಎಂಬವನ ರಿಕ್ಷಾ. ಹೆಂಚಿನ ಮನೆಯೊಂದರ ಹೊರಗಟ್ಟೆಯಲ್ಲಿ ಮಾರ್ಗರೀಟಾ ಒಬ್ಬಳೇ ಕುಳಿತಿದ್ದಳು. ಒಳಗೆ ಜನ ಇದ್ದರು. ಯಾರೂ ಅವಳ ಹತ್ತಿರ ಇರಲಿಲ್ಲ.

ಪೂರ್ಣಿಮಾ ನಿಂತೇ ಹೇಳಿದಳು. ಸೋಮವಾರವೇ ವರದಿ ಬಂದಿದ್ದು, ಹಳಿಯಾಳದಲ್ಲಿ ಬಿದ್ದಿದ್ದು, ಒಂದು ಅಂಕಿ ತಾನು ತಿದ್ದದೆ ಬಿಟ್ಟಿದ್ದು. ಅದರ ಗುರುತನ್ನು ಅಳಿಸಿದ್ದನ್ನೂ ಹೇಳಿದಳು. ಮಾರ್ಗರೀಟಾ ನೆಲ ನೋಡುತ್ತ ಕೇಳಿದಳು.

"ಸೋಮವಾರನ?"

"ಹೂಂ."

"ಸೋಮವಾರ ರಾತ್ರಿ ಅವ ಗಂಜಿ ಕುಡಿದಿದ್ದ," ಎಂದಳು ಮಾರ್ಗರೀಟಾ. ಒಳಗಿನ ಕಡೆ ಕೈ ತೋರಿಸಿ, "ನಮ್ಮ ಮಾವ ನನ್ನ ಕೂಡ ಮಾತ ಬಿಟ್ಟಾನ. 'ಹಾಳಿ ಹಾಳಿ ಅಂತ ಎರಡ ದಿನ ಅಲ್ಲಿ ಕೂತಿ, ಅವನ್ನ ಹುಬ್ಬಳ್ಳಿಗೆ ಯಾಕ ಒಯ್ಲಿಲ್ಲ' ಅಂತ ಬಂದವರಿಗೆಲ್ಲಾ ಹೇಳ್ತಾನ. ನನಗ ಹೇಳಿ ಏನಾತ್ರಿ? ಒಳಗ ಬಂದು ಅವನ ಮುಂದ ಹೇಳ್ರಿ" ಎಂದಳು.

ಮುದುಕ ಒಳಗಿನ ಗೋಡೆಗೆ ಒರಗಿ ಕುಳಿತಿದ್ದ. ಸುತ್ತ ಏಳೆಂಟು ಮಂದಿ. ಪೂರ್ಣಿಮಾ ಮೆಲ್ಲಗೆ ಹೇಳತೊಡಗಿದಳು.

ಮುದುಕ ಕಿವಿಯ ಹಿಂದೆ ಅಂಗೈ ಹಿಡಿದ. "ಕೇಳಸವಲ್ದು. ಜೋರಾಗಿ ಹೇಳ."

ಅವಳು ಮೊದಲಿನಿಂದ ಹೇಳಿದಳು.

"ಯಾರ ತಪ್ಪು ಅಂದಿ?" ಎಂದ ಮುದುಕ.

"ನನ್ನ ತಪ್ಪರಿ. ನಿಮ್ಮ ಸೊಸೀದಲ್ಲ," ಎಂದು ಪೂರ್ಣಿಮಾ ಕೂಗಿದಳು. ಪಕ್ಕದ ಮನೆಯ ಹೆಂಗಸರು ಅಂಗಳಕ್ಕೆ ಬಂದು ನಿಂತರು.

ಮುದುಕ ಅವಳನ್ನೇ ನೋಡಿದ. ಬಾಗಿಲಲ್ಲಿ ನಿಂತಿದ್ದ ಮಾರ್ಗರೀಟಾ ಬಾಗಿ ಒಳಗೆ ಬಂದಳು. ಜನ ಕಾಲು ಮಡಚಿ ದಾರಿ ಬಿಟ್ಟರು. ಅವಳು ಅಡುಗೆಯ ಮೂಲೆಗೆ ಹೋಗಿ ಕುಳಿತು, ಆರಿದ ಒಲೆಯ ಬೂದಿಯನ್ನು ಕೈಯಿಂದ ಬಳಿದು ಮೊರಕ್ಕೆ ತುಂಬತೊಡಗಿದಳು.