ಗಾಜಿನ ಸೇತುವೆಯ ಕೆಳಗೆ

ಮಗಳು ರಶ್ಮಿ ಬಿಡಿಸಿದ ಚಿತ್ರವನ್ನು ಮಾದಾಪುರದ ಹೊಸ ಕಲಾ ಸಂಗ್ರಹಾಲಯದಲ್ಲಿ ತೂಗುಹಾಕಿದ್ದಾರೆಂದು ಮಂದಾಕಿನಿ ಇಳಕಲ್ ಸೀರೆ ಉಟ್ಟು ಹೊರಟಿದ್ದರು. ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಮಗಳ ಬಣ್ಣದ ಹುಚ್ಚು ಎಂದೂ ಪೂರ್ತಿ ಅರ್ಥವಾಗಿರಲಿಲ್ಲ. ಆದರೂ ಅಂದು ಮೆಟ್ರೋದಲ್ಲಿ ಪಕ್ಕದ ಹೆಂಗಸಿಗೆ ತೆಲುಗಿನಲ್ಲಿ ಮಗಳ ಸುದ್ದಿಯನ್ನೆಲ್ಲ ಹೇಳಿಬಿಟ್ಟಿದ್ದರು.

ಕಟ್ಟಡ ದೊಡ್ಡ ಹಡಗೊಂದು ನೆಲಕ್ಕೆ ವಾಲಿದಂತಿತ್ತು. ಬಂದವರೆಲ್ಲ ಮೊದಲು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಳಗೆ, ಚಿತ್ರಗಳಿದ್ದ ಕೋಣೆಗೆ ಹೋಗಲು ಸಂದರ್ಶಕರಿಗೆ ಒಂದೇ ದಾರಿ: ಎತ್ತರದಲ್ಲಿ ಚಾಚಿದ ಗಾಜಿನ ಸೇತುವೆ. ಅದರ ನೇರ ಕೆಳಗೆ ಕಾಫಿ ಅಂಗಡಿ.

ಅರ್ಧ ದಾರಿಯಲ್ಲಿ ಮಂದಾಕಿನಿ ಕೆಳಗೆ ನೋಡಿದರು. ಮೇಜಿನ ಬಳಿ ಇಬ್ಬರು ಗಂಡಸರು ಮುಖ ಮೇಲೆತ್ತಿ ನಗುತ್ತಿದ್ದರು. ಒಬ್ಬನ ಕೈಯಲ್ಲಿ ಮೊಬೈಲ್ ಮೇಲ್ಮುಖವಾಗಿತ್ತು. ಮಂದಾಕಿನಿ ಎರಡೂ ಕೈಯಿಂದ ನೆರಿಗೆ ಅವುಚಿಕೊಂಡು ಸರ್ರನೆ ಹಿಂದಿರುಗಿದರು.

"ಅಮ್ಮಾ, ಕೆಳಗ ನೋಡಬ್ಯಾಡ, ಸೀದಾ ಬಾ," ಎಂದಳು ಜೊತೆಗೆ ಬಂದಿದ್ದ, ಜೀನ್ಸ್ ತೊಟ್ಟಿದ್ದ ರಶ್ಮಿ.

"ನಾ ನೋಡೋದಲ್ಲ, ಅವರು ನೋಡಾಕತ್ತಾರ!"

ವ್ಯವಸ್ಥಾಪಕ ಹೇಮಂತ ಬಂದ. ಆಕಾಶದಲ್ಲಿ ನಡೆದ ಅನುಭವವಾಗಲೆಂದೇ ಹೀಗೆ ಕಟ್ಟಿದ್ದು, ಇದಕ್ಕೆ ಬಹುಮಾನವೂ ಬಂದಿದೆ ಎಂದು ಹಿಂದಿಯಲ್ಲಿ ನಯವಾಗಿ ವಿವರಿಸಿದ. ಬೇರೆ ದಾರಿ ಕೇಳಿದರೆ, ಸಿಬ್ಬಂದಿಯ ಮೆಟ್ಟಿಲು ಸಂದರ್ಶಕರಿಗಿಲ್ಲ ಎಂದ. ಗಾಜಿನ ಮೇಲೆ ಜಮಖಾನೆ ಹಾಸಿದರೆ ವಿನ್ಯಾಸ ಕೆಡುತ್ತದೆ. ಬೇಕಿದ್ದರೆ ಕೆಳಗಿನ ಅಂಗಡಿಯಲ್ಲಿ ಪೈಜಾಮ ಸಿಗುತ್ತದೆ ಎಂದು ಸೇರಿಸಿ, ಯಾರೋ ಕರೆದರೆಂದು ಆಚೆ ಹೋದ.

ಇವರ ಮಾತು ಕೇಳಿಸಿಕೊಂಡಿದ್ದ ಕಾವಲಿನ ಹೆಂಗಸು ಉಷಾ ಹತ್ತಿರ ಬಂದು ಪಿಸುಗುಟ್ಟಿದಳು: "ನಾನು ಬೀದರಕಿ ರೀ. ಸುರುವಿಗೆ ನಮಗೂ ಸೀರೀನ ಇತ್ತು. ಗಂಡಸರು ಕೆಳಗ ನಿಂತು ನೋಡ್ತಾರಂತ ಹೇಳಿದ್ವಿ. ಸೇತುವೆ ಹಂಗ ಬಿಟ್ಟು ನಮಗ ಪ್ಯಾಂಟ್ ಕೊಟ್ರು."

"ಅಂದ್ರ ಇವರಿಗೆ ಗೊತ್ತೈತಿ!" ಮಂದಾಕಿನಿಯ ನಾಚಿಕೆ ಆ ಕ್ಷಣಕ್ಕೆ ಸಿಟ್ಟಾಗಿ ತಿರುಗಿತು. ಹೇಮಂತ ಮರಳಿದಾಗ ಅವರು ಉಷಾಳ ಹೆಸರೆತ್ತಲಿಲ್ಲ. ಇಡೀ ಸಭಾಂಗಣಕ್ಕೆ ಕೇಳುವಂತೆ ಹಿಂದಿಯಲ್ಲೇ ಕೇಳಿದರು: ಕಟ್ಟಡದ ಅಂದ ಕೆಡಬಾರದು, ಹೆಣ್ಣುಮಕ್ಕಳ ಮಾನ ಹೋದರೆ ನಡೆಯುತ್ತದೆಯೆ?

ಹೇಮಂತ ಮುಗುಳ್ನಕ್ಕು, "ಇಲ್ಲಿಯವರೆಗೆ ಯಾರೂ ದೂರು ಕೊಟ್ಟಿಲ್ಲ ಮೇಡಂ," ಎಂದ.

ಅಲ್ಲಿಯವರೆಗೆ ಅಮ್ಮನ ಮೊಳಕೈ ಜಗ್ಗುತ್ತಿದ್ದ ರಶ್ಮಿ ಕೈಬಿಟ್ಟಳು. ಇಷ್ಟು ದೊಡ್ಡ ಕಡೆ ಅವಳ ಚಿತ್ರ ಸೇರಿದ್ದು ಇದೇ ಮೊದಲು. ಅವಳು ಸರಸರನೆ ಸೇತುವೆ ದಾಟಿದಳು. ಒಳಗಿನಿಂದ ಎಚ್ಚರಿಕೆಯ ಗಂಟೆ ಕಿರುಚಿತು. ಗೋಡೆಯಿಂದ ಇಳಿಸಿದ ತನ್ನ ಚಿತ್ರವನ್ನು ಎದೆಗವುಚಿಕೊಂಡು, ಅವಳು ಸಿಬ್ಬಂದಿಯ ಮೆಟ್ಟಿಲಿನಿಂದಲೇ ಇಳಿದು ಬಂದಳು.

"ಇನ್ನು ಮುಂದೆ ನಿಮಗೆ ಇಲ್ಲಿ ಜಾಗವಿಲ್ಲ," ಎಂದು ಹೇಮಂತ ಕೂಗಿದ.

"ನಮ್ಮಮ್ಮಗ ಇಲ್ಲದ ಜಾಗಾ ನನಗ್ಯಾಕ?" ಎಂದು ರಶ್ಮಿ ಕನ್ನಡದಲ್ಲೇ ಅಂದಳು. ಅವನಿಗೆ ತಿಳಿಯಿತೋ ಇಲ್ಲವೋ.

ಹೊರಗೆ, ನಿಂತ ಕಾರುಗಳ ನಡುವೆ ಮಂದಾಕಿನಿ ಚಿತ್ರ ನೋಡಿದರು. ಬಳೆ ಅಂಗಡಿಯ ಮುಂದೆ ಮುಗಿಬಿದ್ದ ಹೆಂಗಸರು. "ಭಾಳ ಚಲೋ ಬಂದೈತಿ," ಎಂದವರೇ, ಗೇಟಿನಲ್ಲಿ ಸೀರೆಯುಟ್ಟು ಬರುತ್ತಿದ್ದ ಇಬ್ಬರನ್ನು ನಿಲ್ಲಿಸಿ ಒಳಗಿನ ಸಂಗತಿ ಹೇಳಿದರು. ಒಬ್ಬಾಕೆ ಹಿಂದಿರುಗಿದಳು. ಇನ್ನೊಬ್ಬಾಕೆ ನಕ್ಕು ಒಳಗೆ ಹೋದಳು.

ಕೆಲವು ವಾರಗಳ ಮೇಲೆ ಸೇತುವೆಯ ಗಾಜಿಗೆ ಮಸುಕು ಹಾಳೆ ಅಂಟಿಸಿದ ಸುದ್ದಿ ಬಂತು. ಹೇಮಂತ ಫೋನ್ ಮಾಡಿ, ಚಿತ್ರ ಮರಳಿ ತರಬಹುದು ಎಂದ. ಮೊದಲು ಅಮ್ಮನ ಕ್ಷಮೆ ಕೇಳಿ ಎಂದಳು ರಶ್ಮಿ. ಅವನು ಫೋನ್ ಇಟ್ಟುಬಿಟ್ಟ.