ಓದಿನ ಸೊಳ್ಳೆ

ಸಿಂಥಿಯಾ ಬಿಳಿ ಸೌಟನ್ನು ಟ್ಯಾಂಕಿನ ಮೂಲೆಯಲ್ಲಿ ಓರೆಯಾಗಿ ಅದ್ದಿ ನಿಧಾನಕ್ಕೆ ಮೇಲೆತ್ತಿದಳು. ಸೊಳ್ಳೆಯ ಮರಿಗಳು ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಅಡ್ಡಡ್ಡ ಮಲಗಿದ್ದವು. ತಲೆ ಕೆಳಗಾಗಿ ನೇತಾಡುವ ಚರಂಡಿ ಸೊಳ್ಳೆಯ ಮರಿಗಳಲ್ಲ, ಅವಳಿಗೆ ಬೇಕಾದ ಮಲೇರಿಯಾ ಸೊಳ್ಳೆಯವೇ. ಅವಳಿಗೆ ಅಳು ಬರುವಷ್ಟು ಖುಷಿಯಾಯಿತು.

"ಉಂಟು ನಳಿನಕ್ಕ. ಬೇಕಾದಷ್ಟು ಉಂಟು."

"ಇಲ್ಲದೆ ಎಲ್ಲಿಗೆ ಹೋಗ್ತದೆ ಮೇಡಂ, ನಾನು ನೋಡಿಕೊಂಡಿದ್ದೇನಲ್ಲ" ಎಂದಳು ಹಿಂದೆ ನಿಂತಿದ್ದ ನಳಿನಾಕ್ಷಿ.

ಹೆಜಮಾಡಿಯ ಈ ಮನೆ ಅರ್ಧಕ್ಕೆ ನಿಂತದ್ದು. ಯಜಮಾನ ಡೆರಿಕ್ ಕುವೈತಿನಲ್ಲಿದ್ದ. ಕಾವಲಿಗೆಂದು ಕಂಪೌಂಡಿನ ಮೂಲೆಯ ತಗಡಿನ ಶೆಡ್ಡಿನಲ್ಲಿ ನಳಿನಾಕ್ಷಿ ಮತ್ತು ಅವಳ ಗಂಡ ಸುಂದರ ಇದ್ದರು. ಮೆಟ್ಟಿಲಿನ ಸ್ಲ್ಯಾಬಿನ ಅಡಿ, ಮಳೆ ಬೀಳದ ಜಾಗದಲ್ಲಿ, ಗೋಡೆಗೆ ನೀರು ಹಾಕಲು ಕಟ್ಟಿದ ಸಿಮೆಂಟಿನ ಟ್ಯಾಂಕ್ ಹಾಗೆಯೇ ಉಳಿದಿತ್ತು.

ಮಣಿಪಾಲದಲ್ಲಿ ಸಿಂಥಿಯಾ ಮಾಡುತ್ತಿದ್ದ ಸಂಶೋಧನೆಯೆಲ್ಲ ನಿಂತದ್ದು ಈ ಟ್ಯಾಂಕಿನ ಮೇಲೆ. ಇಲ್ಲಿಯ ಸೊಳ್ಳೆಗಳ ಒಂದು ವರ್ಣತಂತುವಿನಲ್ಲಿ ಒಂದು ತುಂಡು ತಿರುವುಮುರುವಾಗಿ ಕೂತಿತ್ತು. ಕಾಪು, ಹೂಡೆ, ಕಾರ್ಕಳ ಎಂದು ಅವಳು ಇಣುಕದ ಬಾವಿಯಿಲ್ಲ. ಬೇರೆಲ್ಲೂ ಅದು ಸಿಕ್ಕಿರಲಿಲ್ಲ. ಮೇ ತಿಂಗಳಲ್ಲಿ ಮರಿಗಳನ್ನು ಒಯ್ಯುವಾಗ ಅವಳು ನಳಿನಾಕ್ಷಿಗೆ ಹೇಳಿದ್ದಳು: "ಇದು ನನ್ನ ಓದಿನ ಸೊಳ್ಳೆ ನಳಿನಕ್ಕ. ನಾನು ಪುನಃ ಬರುವವರೆಗೆ ಈ ನೀರಿಗೆ ಯಾರೂ ಎಂತದೂ ಹಾಕದ ಹಾಗೆ ನೋಡಿಕೊಳ್ಳಿ." ಒಂದು ವಾರದಲ್ಲಿ ಬರುತ್ತೇನೆ ಎಂದಿದ್ದಳು. ಒಯ್ದ ಮರಿಗಳು ಸೊಳ್ಳೆಗಳಾಗಿ, ಲ್ಯಾಬಿನ ಪರದೆಯ ಗೂಡುಗಳಲ್ಲಿ ಚೆನ್ನಾಗಿ ಮೊಟ್ಟೆಯಿಟ್ಟವು. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ. ಚೌತಿಯ ರಜೆಯಲ್ಲಿ ಕರೆಂಟು ಹೋಗಿ, ತೇವದ ಯಂತ್ರ ನಿಂತು, ಗೂಡಿನಲ್ಲಿದ್ದವೆಲ್ಲ ಒಣಗಿ ಸತ್ತ ಮೇಲೆಯೇ ಅವಳಿಗೆ ಹೆಜಮಾಡಿ ನೆನಪಾದದ್ದು.

"ಆರೋಗ್ಯ ಕೇಂದ್ರದವರು ಬರಲಿಲ್ವಾ?" ಮರಿಗಳನ್ನು ಬಾಟಲಿಗೆ ಸುರಿಯುತ್ತಾ ಕೇಳಿದಳು.

"ಬಾರದೆ. ಆ ಉಮಾನಾಥಣ್ಣ ಬಂದು, ನಾನು ಬೇಡ ಬೇಡ ಅಂದರೂ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಟ್ಟು ಹೋದರು. ಬೈದು ಬಿಟ್ಟೆ ನಾನು. ಮಣಿಪಾಲದ ಮೇಡಮಿನ ಸೊಳ್ಳೆ ಇದು, ನಿಮಗೆ ಎಂತ ಗೊತ್ತುಂಟು ಅಂತ. ಅವರು ಆಚೆ ಹೋದದ್ದೇ, ಚಾ ಸೋಸುವ ಜಾಲರಿಯಲ್ಲಿ ಎಲ್ಲ ಹಿಡಿದು ತೆಗೆದೆ."

ಸಿಂಥಿಯಾಳಿಗೆ ನಗು ಬಂತು. ಇಂಥ ಒಬ್ಬರು ಲ್ಯಾಬಿನಲ್ಲಿ ಇದ್ದಿದ್ದರೆ ಗೂಡುಗಳು ಒಣಗುತ್ತಿರಲಿಲ್ಲ ಎಂದುಕೊಂಡಳು. ಬಾಟಲಿಯ ಮುಚ್ಚಳ ತಿರುಗಿಸಿ, "ಸುಂದರಣ್ಣ ಎಲ್ಲಿ, ಕೆಲಸಕ್ಕೆ ಹೋದರಾ?" ಎನ್ನುತ್ತಾ ತಿರುಗಿದಳು. ಬಂದಾಗಿನಿಂದ ನೀರನ್ನೇ ನೋಡುತ್ತಿದ್ದವಳು ನಳಿನಾಕ್ಷಿಯ ಮುಖ ನೋಡಿದ್ದು ಆಗಲೇ. ಹಣೆ ಬೋಳಾಗಿತ್ತು. ಕುತ್ತಿಗೆಯಲ್ಲಿ ಕರಿಮಣಿ ಇರಲಿಲ್ಲ.

"ಆಟಿ ತಿಂಗಳ ಮಳೆಯಲ್ಲಿ ತೀರಿಹೋದರು ಮೇಡಂ. ಮಳೆಗೆ ನೆನೆದ ಜ್ವರ ಅಂತ ಅಂಗಡಿಯಿಂದ ಮಾತ್ರೆ ತಂದು ತಿಂದರು. ಬಿಟ್ಟು ಬಿಟ್ಟು ಚಳಿ. ಆಮೇಲೆ ಏನೇನೋ ಮಾತಾಡಲಿಕ್ಕೆ ಶುರು ಮಾಡಿದರು, ನನ್ನ ಗುರ್ತವೇ ಸಿಗಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ನೋಡಿ ಮಲೇರಿಯಾ ಅಂದರು. ಮಿದುಳಿಗೆ ಏರಿತ್ತಂತೆ."

ಸಿಂಥಿಯಾ ತಿರುಗಿ ನೋಡಿದಳು. ಶೆಡ್ಡಿನ ಕಿಟಕಿ ಟ್ಯಾಂಕಿನ ಎದುರಿಗೇ ಇತ್ತು. ಅದಕ್ಕೆ ಪರದೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಮೇ ತಿಂಗಳಲ್ಲಿ ಅದನ್ನು ಅವಳು ನೋಡಿದ್ದಳು.

"ಈ ಚರಂಡಿ ಸೊಳ್ಳೆಯದ್ದೇ ಕೆಲಸ ಅಲ್ವಾ?" ನಳಿನಾಕ್ಷಿ ರಸ್ತೆಯ ಕಡೆ ಕೈ ತೋರಿಸಿದಳು. "ಪಂಚಾಯಿತಿಯವರಿಗೆ ಎಷ್ಟು ಸಲ ಹೇಳಿದೆ. ಇದು ಹೇಗೂ ನಿಮ್ಮ ಓದಿನ ಸೊಳ್ಳೆ, ಇದರಿಂದ ಎಂತ ತೊಂದರೆ ಇಲ್ಲ."

ಹೌದು ಎಂದರೆ ಸಾಕಿತ್ತು. ಹಾಗೆಂದು ಬಸ್ಸು ಹತ್ತಿದ್ದರೆ, ವರ್ಷದೊಳಗೆ ಅವಳ ಹೆಸರಿನ ಹಿಂದೆ ಡಾಕ್ಟರ್ ಎಂದು ಸೇರುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ. ಹೌದು ಎನ್ನಬೇಕೆಂದೇ ಅವಳು ಬಾಯಿ ತೆರೆದಳು.

"ಇಲ್ಲ ನಳಿನಕ್ಕ. ಚರಂಡಿಯ ಸೊಳ್ಳೆಯಿಂದ ಮಲೇರಿಯಾ ಬರುವುದಿಲ್ಲ. ಬರುವುದು ಇದರಿಂದಲೇ. ನಾನು ಹೇಳಬೇಕಿತ್ತು. ನನ್ನದೇ ತಪ್ಪು."

ನಳಿನಾಕ್ಷಿ ಅಳಲಿಲ್ಲ, ಬೈಯಲೂ ಇಲ್ಲ. ಟ್ಯಾಂಕನ್ನೊಮ್ಮೆ ನೋಡಿದಳು. ಆಮೇಲೆ ಶೆಡ್ಡಿನ ಹಿಂದಕ್ಕೆ ಹೋಗಿ, ಪೇಂಟಿನ ಹಳೆಯ ಬಾಲ್ದಿಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಒಳಗೆ ಗಪ್ಪಿ ಮೀನುಗಳು ಕಿಕ್ಕಿರಿದಿದ್ದವು.

"ಜೀವ ಇರುವುದನ್ನು ಎಸೆಯಲಿಕ್ಕೆ ಮನಸ್ಸು ಬರಲಿಲ್ಲ" ಎಂದಳು. "ನಮ್ಮವರೇ ದಿನಾ ಅನ್ನದ ಅಗುಳು ಹಾಕುತ್ತಿದ್ದರು. ಮರಿ ಹಾಕಿ ಇಷ್ಟಾಗಿದ್ದಾವೆ."

ಬಾಲ್ದಿಯನ್ನು ಅವಳು ಟ್ಯಾಂಕಿಗೆ ಓರೆ ಮಾಡಿದಳು. ಮೀನುಗಳು ಮೊದಲು ತಳಕ್ಕೆ ಹೋದವು, ಆಮೇಲೆ ಒಂದೊಂದಾಗಿ ಮೇಲೆ ಬಂದವು. ನೀರಿನ ಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಉಂಗುರ ಎದ್ದವು.

"ಅದನ್ನೂ ಕೊಡಿ" ಎಂದು ನಳಿನಾಕ್ಷಿ ಕೈ ಚಾಚಿದಳು.

ಸಿಂಥಿಯಾಳ ಬೆರಳುಗಳು ಬಾಟಲಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದವು. ಚಾಚಿದ ಕೈ ಹಾಗೆಯೇ ಇತ್ತು. ಕೊನೆಗೆ ಅವಳು ಕೊಟ್ಟಳು.

ನಳಿನಾಕ್ಷಿ ಮುಚ್ಚಳ ತೆಗೆದು ಎಲ್ಲವನ್ನೂ ಟ್ಯಾಂಕಿಗೆ ಸುರಿದಳು. ನಲ್ಲಿಯ ಹತ್ತಿರ ಕೂತು ಬಾಟಲಿಯನ್ನು ಒಳಗೂ ಹೊರಗೂ ತೊಳೆದಳು. ಸೆರಗಿನಲ್ಲಿ ಒರೆಸಿ, ಮುಚ್ಚಳ ಹಾಕಿ, ವಾಪಸ್ ಕೊಟ್ಟಳು.